ಹಳೆ ಪಿಕಪ್‌ನ ಕ್ಯಾಬಿನ್ ಬುಷ್ ಬದಲಿಸುವುದು: ರಬ್ಬರಿನ ಕೆಲಸ ಸ್ವಲ್ಪ, ಬೋಲ್ಟಿನ ಕೆಲಸವೇ ಎಲ್ಲ

ಬೊಲೆರೊ ಪಿಕಪ್, ಕ್ಯಾಂಪರ್, ಟಾಟಾ 207 ಥರದ ಗಾಡಿಗಳಲ್ಲಿ ಕ್ಯಾಬಿನ್ ನೇರವಾಗಿ ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಮೇಲೆ ಕೂತಿರುವುದಿಲ್ಲ. ನಡುವೆ ರಬ್ಬರ್ ಬುಷ್‌ಗಳು, ಅಂದರೆ ತೂತಿರುವ ದಪ್ಪ ರಬ್ಬರ್ ಬಿಲ್ಲೆಗಳು, ಇರುತ್ತವೆ. ಗ್ಯಾರೇಜಿನಲ್ಲಿ ಇವನ್ನು ಬಾಡಿ ಬುಷ್, ಕ್ಯಾಬಿನ್ ರಬ್ಬರ್, ಬಾಡಿ ಮೌಂಟ್ ಹೀಗೆ ಬಾಯಿಗೆ ಬಂದ ಹೆಸರಿನಲ್ಲಿ ಕರೆಯುತ್ತಾರೆ. ಹತ್ತು ಹನ್ನೆರಡು ವರ್ಷ ದುಡಿದ ಗಾಡಿಯಲ್ಲಿ ಇವು ಚಪ್ಪಟೆಯಾಗಿಯೋ, ಸೀಳಿಯೋ, ಪುಡಿಯಾಗಿಯೋ ಇರುವುದೇ ಹೆಚ್ಚು. ಬದಲಿಸುವುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಆದರೆ ರಬ್ಬರ್ ತೆಗೆದು ರಬ್ಬರ್ ಹಾಕುವುದು ಇಡೀ ಕೆಲಸದ ಕಾಲು ಭಾಗ ಮಾತ್ರ. ಮಿಕ್ಕ ಮುಕ್ಕಾಲು ಭಾಗ ತುಕ್ಕು ಹಿಡಿದ ಬೋಲ್ಟನ್ನು ಮುರಿಯದೆ ಬಿಚ್ಚುವುದು, ಅದರ ಸುತ್ತಲಿನ ತಗಡು ಇನ್ನೂ ಗಟ್ಟಿ ಇದೆಯೋ ಇಲ್ಲವೋ ನೋಡುವುದು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯದೆ ಭಾನುವಾರ ಬೆಳಗ್ಗೆ ಶುರು ಮಾಡಿದವರ ಗಾಡಿ ಬುಧವಾರದವರೆಗೂ ಜಾಕಿ ಮೇಲೇ ಇರುತ್ತದೆ.

ಬುಷ್ ಹೋಗಿದೆ ಅಂತ ಗೊತ್ತಾಗುವುದು ಹೇಗೆ

ಮೊದಲು ಬಾಗಿಲು ನೋಡಿ. ಬಾಗಿಲಿನ ಸುತ್ತಲಿನ ಸಂದು ಮೇಲೊಂದು, ಕೆಳಗೊಂದು ಅಳತೆ ಇದ್ದರೆ, ಕೀಲು ಸರಿ ಮಾಡಿಸಿದ ಮೇಲೂ ಬಾಗಿಲು ಎತ್ತಿ ಹಾಕಬೇಕಾಗಿ ಬರುತ್ತಿದ್ದರೆ, ತಪ್ಪು ಕೀಲಿನದ್ದಲ್ಲ. ಒಂದು ಮೂಲೆ ಕುಸಿದು ಕ್ಯಾಬಿನ್ ತಿರುಚಿಕೊಂಡಿದೆ. ಆಮೇಲೆ ಗಾಡಿಯ ಪಕ್ಕಕ್ಕೆ ಹೋಗಿ ಕ್ಯಾಬಿನ್ ಹಿಂಗೋಡೆಗೂ ಹಿಂದಿನ ಲೋಡ್ ಬಾಡಿಗೂ ನಡುವಿನ ಅಂತರವನ್ನು ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ, ಕೆಳಗೂ ಮೇಲೂ ಟೇಪ್ ಹಿಡಿದು ಅಳೆಯಿರಿ. ಐದಾರು ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬುಷ್ ಮೇಲೆ ಅನುಮಾನ ಪಡಬೇಕು.

ಓಡಿಸುವಾಗ ಸಿಗುವ ಸುಳಿವುಗಳು ಬೇರೆ. ಬ್ರೇಕ್ ಒತ್ತಿದಾಗ ಸೀಟಿನ ಕೆಳಗೆ ಒಂದೇ ಒಂದು ದಪ್ ಸದ್ದು, ಕ್ಲಚ್ ಬಿಟ್ಟಾಗ ಅದೇ ಸದ್ದು ಹಿಂದಿನಿಂದ. ಗೇರ್ ಲಿವರ್ ನೆಲದ ತೂತಿನ ಅಂಚಿಗೆ ತಾಗಿ ಉಜ್ಜಿದ ಗುರುತು. ಹಂಪ್ ಮೇಲೆ ಫ್ಯಾನ್ ರೆಕ್ಕೆ ಅದರ ಪ್ಲಾಸ್ಟಿಕ್ ಕವಚಕ್ಕೆ ಬಡಿಯುವುದು. ಮುಂದಿನ ಗಾಜು ಹೊಸದು ಹಾಕಿಸಿದರೂ ಅದೇ ಮೂಲೆಯಿಂದ ಮತ್ತೆ ಸೀಳುವುದು. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಗಾಡಿಯ ಕೆಳಗೆ ಇಳಿಯುವುದು ಒಳ್ಳೆಯದು.

ಹಿಂದಿನ ಪಟ್ಟಾ ಸ್ಪ್ರಿಂಗಿನ ತುದಿಗಳಲ್ಲಿರುವ ಪಟ್ಟಾ ಬುಷ್, ಶಾಕಲ್ ಬುಷ್ ಸವೆದಾಗಲೂ ಹೀಗೇ ಸದ್ದು ಬರುತ್ತದೆ. ಎರಡನ್ನೂ ಬೇರೆ ಮಾಡಲು ಸುಲಭ ದಾರಿ: ಕ್ಯಾಬಿನ್ ಹಿಂಗೋಡೆಯ ಅಂತರ ಕಾಣುವಂತೆ ಒಂದು ಮೊಬೈಲನ್ನು ಲೋಡ್ ಬಾಡಿಗೆ ಗಟ್ಟಿಯಾಗಿ ಕಟ್ಟಿ ವಿಡಿಯೊ ಹಾಕಿ, ಖಾಲಿ ಜಾಗದಲ್ಲಿ ನಿಧಾನವಾಗಿ ಮುಂದೆ ಹಿಂದೆ ಹೋಗಿ ಬ್ರೇಕ್ ಒತ್ತಿ. ಬುಷ್ ಚೆನ್ನಾಗಿದ್ದರೆ ಅಂತರ ತುಸು ಅಲುಗುತ್ತದೆ ಅಷ್ಟೆ. ಹೋಗಿದ್ದರೆ ಕ್ಯಾಬಿನ್ ಜಿಗಿಯುವುದು ಕಣ್ಣಿಗೇ ಕಾಣುತ್ತದೆ. ಗಾಡಿ ಚಾಲೂ ಇರುವಾಗ ಯಾರನ್ನೂ ಕೆಳಗೆ ಮಲಗಿಸಿ ನೋಡಿಸಬೇಡಿ.

ಎಂಜಿನ್ ಆಫ್ ಮಾಡಿ ಕೆಳಗೆ ಇಳಿದು ಪ್ರತಿ ಮೌಂಟಿನ ಪಕ್ಕ ಎರಡಡಿ ಉದ್ದದ ಲಿವರ್ ಅಥವಾ ಸಣ್ಣ ಹಾರೆ ತೂರಿಸಿ ಮೆಲ್ಲಗೆ ಮೀಟಿ. ರಬ್ಬರ್ ಹಿಗ್ಗಿ ಕುಗ್ಗುವುದು ಸರಿ. ಲೋಹಕ್ಕೆ ಲೋಹ ತಾಗಿ ಟಕ್ ಎಂದರೆ, ಬೋಲ್ಟ್ ತಲೆಯ ಕೆಳಗಿನ ವಾಷರ್ ಸಡಿಲವಾಗಿ ತಿರುಗಿದರೆ, ರಬ್ಬರಿನ ಅಂಚು ಹಪ್ಪಳದಂತೆ ಮುರಿದು ಕೈಗೆ ಬಂದರೆ ಆ ಬುಷ್ ಮುಗಿದಿದೆ. ಒಂದು ಹೋಗಿದ್ದರೂ ಪೂರ್ತಿ ಸೆಟ್ ಬದಲಿಸಿ. ಒಂದು ಹೊಸ ಬುಷ್ ಎತ್ತರಕ್ಕೆ ನಿಂತು ಮಿಕ್ಕವು ಕುಸಿದೇ ಇದ್ದರೆ ಕ್ಯಾಬಿನ್ ಇನ್ನಷ್ಟು ತಿರುಚುತ್ತದೆ. ಬಾಗಿಲು ಮೊದಲಿಗಿಂತ ಕೆಡುತ್ತದೆ.

ಒಂದು ಮೌಂಟಿನ ಒಳಗೆ

ಇದು ಅರ್ಥವಾದರೆ ಮಿಕ್ಕಿದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಚಾಸಿಯಿಂದ ಹೊರಕ್ಕೆ ಚಾಚಿದ ಬ್ರಾಕೆಟ್‌ನಲ್ಲಿ ಒಂದು ದೊಡ್ಡ ತೂತು. ಅದರ ಮೇಲೆ ದಪ್ಪ ಬುಷ್, ಕ್ಯಾಬಿನ್ ಭಾರ ಹೊರುವುದು ಇದೇ. ಬ್ರಾಕೆಟ್‌ನ ಕೆಳಗೆ ಇನ್ನೊಂದು ಬುಷ್, ಸಾಮಾನ್ಯವಾಗಿ ಸ್ವಲ್ಪ ತೆಳ್ಳಗೆ. ಕ್ಯಾಬಿನ್ ಮೇಲಕ್ಕೆ ಜಿಗಿಯುವಾಗ ಹಿಡಿದು ನಿಲ್ಲಿಸುವುದು ಇದು. ಎರಡರ ತೂತಿನೊಳಗೂ ಹಾದು ಹೋಗುವ ಉಕ್ಕಿನ ಪೈಪು, ಅಂದರೆ ಸ್ಲೀವ್. ಮೇಲೂ ಕೆಳಗೂ ಬಟ್ಟಲಿನಾಕಾರದ ಅಗಲ ವಾಷರ್. ಇಷ್ಟನ್ನೂ ಪೋಣಿಸಿ ಹೋಗುವುದು ಒಂದು ಉದ್ದ ಬೋಲ್ಟ್. ಅದರ ನಟ್ ಬಹಳ ಕಡೆ ಕ್ಯಾಬಿನ್ ನೆಲದ ಒಳಗೆ, ತಗಡಿನ ಪೆಟ್ಟಿಗೆಯೊಳಗೆ ವೆಲ್ಡ್ ಆಗಿ ಕೂತಿರುತ್ತದೆ.

ಸ್ಲೀವ್‌ನ ಕೆಲಸವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೋಲ್ಟ್ ಬಿಗಿಸಿದಾಗ ವಾಷರ್‌ಗಳು ಸ್ಲೀವ್‌ನ ಎರಡು ತುದಿಗೆ ತಾಗಿ ನಿಲ್ಲಬೇಕು. ರಬ್ಬರ್ ಎಷ್ಟು ಅದುಮಬೇಕು ಅನ್ನುವುದನ್ನು ತೀರ್ಮಾನಿಸುವುದು ಸ್ಲೀವ್‌ನ ಉದ್ದ, ನಿಮ್ಮ ತೋಳಿನ ಬಲವಲ್ಲ. ಸ್ಲೀವ್ ತುಕ್ಕಿನಿಂದ ಸವೆದು ಮೂರ್ನಾಲ್ಕು ಮಿಲಿಮೀಟರ್ ಗಿಡ್ಡವಾಗಿದ್ದರೆ ಹೊಸ ಬುಷ್ ಕೂಡ ಬೇಗ ನಜ್ಜುಗುಜ್ಜಾಗುತ್ತದೆ. ಲಾರಿ ಟಯರ್ ಅಥವಾ ಕನ್ವೇಯರ್ ಬೆಲ್ಟ್ ಕತ್ತರಿಸಿ ತುಂಡು ಹಾಕುವ ಪದ್ಧತಿ ತಪ್ಪುವುದೂ ಇಲ್ಲಿಯೇ. ರಬ್ಬರ್ ಗಟ್ಟಿ ಇರಬಹುದು, ಆದರೆ ಸ್ಲೀವ್ ಇಲ್ಲದೆ ಬಿಗಿಸಿದಷ್ಟೂ ಅದುಮುತ್ತಲೇ ಹೋಗುತ್ತದೆ. ಒಂದೊಂದು ಮೂಲೆಯ ಎತ್ತರ ಒಂದೊಂದಾಗುತ್ತದೆ. ಕೆಲವೇ ವಾರಗಳಲ್ಲಿ ಬೋಲ್ಟ್ ಮತ್ತೆ ಸಡಿಲ.

ತರಬೇಕಾದ ಸಾಮಾನು

ಅಂಗಡಿಗೆ ಹೋಗುವ ಮೊದಲು ಗಾಡಿಯ ಕೆಳಗೆ ಮಲಗಿ ಮೌಂಟ್‌ಗಳನ್ನು ಎಣಿಸಿ. ಸಿಂಗಲ್ ಕ್ಯಾಬಿನ್‌ಗೂ ಕ್ಯಾಂಪರ್ ಥರದ ಡಬಲ್ ಕ್ಯಾಬಿನ್‌ಗೂ ಸಂಖ್ಯೆ ಬೇರೆ. ಒಂದೇ ಗಾಡಿಯಲ್ಲಿ ಮುಂದಿನ ಬುಷ್, ಹಿಂದಿನ ಬುಷ್ ಬೇರೆ ಅಳತೆಯವಾಗಿರಬಹುದು. ರೇಡಿಯೇಟರ್ ಪಟ್ಟಿಯ ಕೆಳಗೆ ಇನ್ನೂ ಎರಡು ಸಣ್ಣವು ಅಡಗಿರುವುದೂ ಉಂಟು. ಆರ್‌ಸಿಯಲ್ಲಿರುವ ಚಾಸಿ ನಂಬರ್ ಹೇಳಿ ಬುಷ್ ಕೇಳುವುದು ಕ್ಷೇಮ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಭಾಗ ಬದಲಾಗಿರುತ್ತದೆ.

ಪ್ರತಿ ಮೌಂಟಿಗೂ ಮೇಲಿನ ಬುಷ್, ಕೆಳಗಿನ ಬುಷ್, ಸ್ಲೀವ್, ಎರಡು ಬಟ್ಟಲು ವಾಷರ್ ಮತ್ತು ಹೊಸ ಬೋಲ್ಟ್ ಬೇಕು. ಹಳೆ ಬೋಲ್ಟನ್ನೇ ತೊಳೆದು ಹಾಕುವುದು ಸುಳ್ಳು ಉಳಿತಾಯ. ಬೋಲ್ಟ್ ತಲೆಯ ಮೇಲೆ 8.8 ಅಂತ ಅಚ್ಚಿರಬೇಕು (ಅದು ಬೋಲ್ಟಿನ ಗಟ್ಟಿತನದ ದರ್ಜೆ), ಅದಕ್ಕಿಂತ ಹೆಚ್ಚಿದ್ದರೂ ಆಗುತ್ತದೆ. ಏನೂ ಬರೆದಿಲ್ಲದ ಬೋಲ್ಟ್ ಗೇಟಿಗೆ ಸರಿ, ಇಲ್ಲಿಗಲ್ಲ. ದಪ್ಪ ಒಂದೇ ಇದ್ದರೂ ಮರೆ, ಅಂದರೆ ಬೋಲ್ಟಿನ ಮೈಮೇಲಿನ ತಿರುಪಿನ ಗೆರೆಗಳ ನಡುವಿನ ಮಿಲಿಮೀಟರ್ ಅಂತರ, ಬೇರೆ ಇರಬಹುದು: 10 ಮಿಲಿಮೀಟರ್ ಬೋಲ್ಟ್ 1.25ರಲ್ಲೂ 1.5ರಲ್ಲೂ ಸಿಗುತ್ತದೆ, 12 ಮಿಲಿಮೀಟರ್‌ನದ್ದು 1.25, 1.5, 1.75 ಮೂರರಲ್ಲೂ ಸಿಗುತ್ತದೆ. ಹಳೆಯ ಬೋಲ್ಟ್ ಒಂದನ್ನು ಜೊತೆಗೆ ಒಯ್ದು ಹೊಸ ನಟ್ ಅದರ ಮೇಲೆ ಬೆರಳಿನಿಂದಲೇ ಓಡುತ್ತದೆಯೇ ನೋಡಿ. ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯುವುದಿಲ್ಲ ಅಂತ ಹಾಕುವವರಿದ್ದಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸ್ಟೇನ್‌ಲೆಸ್ 8.8ರಷ್ಟು ಗಟ್ಟಿಯಲ್ಲ, ಮರೆ ಕಚ್ಚಿಕೊಳ್ಳುವ ಚಾಳಿ ಬೇರೆ. ಬೇಡ.

ರಬ್ಬರೋ, ಪಿಯು ಬುಷ್ಷೋ ಅನ್ನುವ ಪ್ರಶ್ನೆ ಬರುತ್ತದೆ. ಪಿಯು, ಅಂದರೆ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್, ಎಣ್ಣೆಗೂ ಬಿಸಿಲಿಗೂ ಹೆಚ್ಚು ತಾಳುತ್ತದೆ, ಬೇಗ ಕುಸಿಯುವುದಿಲ್ಲ. ಆದರೆ ಅದು ಗಡಸು. ಹಳೆ ಡೀಸೆಲ್ ಎಂಜಿನ್‌ನ ನಡುಕವನ್ನು ಪೂರ್ತಿ ನೆಲಕ್ಕೆ, ಸ್ಟಿಯರಿಂಗ್‌ಗೆ, ಡ್ರೈವರ್ ಬೆನ್ನಿಗೆ ತಲುಪಿಸುತ್ತದೆ. ದಿನಕ್ಕೆ ಇನ್ನೂರು ಕಿಲೋಮೀಟರ್ ತರಕಾರಿ ಹೊರುವ ಗಾಡಿಗೆ ಒಳ್ಳೆಯ ರಬ್ಬರ್ ಬುಷ್ಷೇ ಸರಿ.

ಸಲಕರಣೆ: ಎರಡು ಜಾಕಿ, ನಾಲ್ಕು ಸ್ಟ್ಯಾಂಡ್, ಒಂದೂವರೆ ಅಡಿ ಉದ್ದದ ದಪ್ಪ ಮರದ ತುಂಡು ಎರಡು, ಸಂದಿಗೆ ಇಡಲು ಸಾಗುವಾನಿಯೋ ಹೊನ್ನೆಯೋ ಗಟ್ಟಿ ಮರದ ಸಣ್ಣ ತುಂಡುಗಳು, ಆರು ಮೂಲೆಯ 17 ಮತ್ತು 19ರ ಸಾಕೆಟ್, ಎರಡಡಿಯ ಉದ್ದ ಹಿಡಿ, ಟಾರ್ಕ್ ವ್ರೆಂಚ್ (ಎಷ್ಟು ಬಲದಿಂದ ಬಿಗಿಸುತ್ತಿದ್ದೀರಿ ಅಂತ ತೋರಿಸುವ ಸ್ಪ್ಯಾನರ್), ತಂತಿ ಬ್ರಷ್, ಗ್ರೈಂಡರ್, ತುಕ್ಕು ಬಿಡಿಸುವ ಸ್ಪ್ರೇ ಎರಡು ಡಬ್ಬಿ. ಹನ್ನೆರಡು ಮೂಲೆಯ ಸಾಕೆಟ್ ತುಕ್ಕು ಹಿಡಿದ ಬೋಲ್ಟ್ ತಲೆಯನ್ನು ಗುಂಡಗೆ ಮಾಡಿ ಬಿಡುತ್ತದೆ. ಅದನ್ನು ಪೆಟ್ಟಿಗೆಯಲ್ಲೇ ಇಟ್ಟಿರಿ.

ಮೂರು ದಿನ ಮೊದಲೇ ಶುರು

ಸ್ಪ್ರೇ ಹೊಡೆದು ಐದು ನಿಮಿಷಕ್ಕೆ ಬೋಲ್ಟ್ ಬಿಡುತ್ತದೆ ಅನ್ನುವುದು ಡಬ್ಬಿಯ ಮೇಲಿನ ಚಿತ್ರ ಮಾತ್ರ. ಮೂರು ದಿನ ಮುಂಚಿನಿಂದ ಸಂಜೆ ಹೊತ್ತು ದಿನಕ್ಕೊಮ್ಮೆ ಹೊಡೆಯಿರಿ. ಎಲ್ಲಿಗೆ ಅನ್ನುವುದು ಮುಖ್ಯ. ಕೆಳಗಿನಿಂದ ಕಾಣುವ ಬೋಲ್ಟ್ ತಲೆಗೆ ಹೊಡೆದರೆ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತದೆ ಹೊರತು ಮರೆಗೆ ಹೋಗುವುದಿಲ್ಲ. ಕಚ್ಚಿರುವುದು ಮೇಲೆ, ನಟ್ ಇರುವಲ್ಲಿ. ಕ್ಯಾಬಿನ್ ಒಳಗೆ ಮ್ಯಾಟ್ ಎತ್ತಿ, ನೆಲದಲ್ಲಿ ರಬ್ಬರ್ ಮುಚ್ಚಳ ಇದ್ದರೆ ತೆಗೆದು, ಅಲ್ಲಿಂದ ಬೋಲ್ಟ್ ತುದಿಗೆ ಹೊಡೆಯಿರಿ. ಮುಚ್ಚಳ ಇಲ್ಲದ ಕಡೆ ಕೆಳಗಿನಿಂದ ಮೇಲಿನ ಬುಷ್ಷಿಗೂ ಕ್ಯಾಬಿನ್ ತಗಡಿಗೂ ನಡುವಿನ ಸಂದಿಗೆ ಸ್ಪ್ರೇ ಡಬ್ಬಿಯ ಸಣ್ಣ ಕೊಳವೆ ತೂರಿಸಿ.

ಡೀಸೆಲ್, ಸೀಮೆಎಣ್ಣೆ ಸುರಿದರೂ ಆಗುತ್ತದೆ ಅನ್ನುತ್ತಾರೆ. ತೆಳು ತುಕ್ಕಿಗೆ ಆಗುತ್ತದೆ. ಮಲ್ಪೆ, ಮಂಗಳೂರು ಬಂದರಿನಿಂದ ಮೀನು ಸಾಗಿಸಿದ ಗಾಡಿಗಳಿಗೆ ಆಗುವುದಿಲ್ಲ. ಮೀನಿನ ಕ್ರೇಟಿನಿಂದ ಇಳಿಯುವ ಐಸ್ ನೀರು ಉಪ್ಪುನೀರೇ. ಅದು ಲೋಡ್ ಬಾಡಿಯ ಮುಂದಿನ ಅಂಚಿನಿಂದ ಸೋರಿ ಸರಿಯಾಗಿ ಹಿಂದಿನ ಕ್ಯಾಬಿನ್ ಮೌಂಟ್ ಮೇಲೆ ಬೀಳುತ್ತದೆ. ಇಂಥ ಗಾಡಿಯಲ್ಲಿ ಹಿಂದಿನ ಎರಡು ಬೋಲ್ಟ್ ಮುರಿಯುತ್ತವೆ ಅಂತಲೇ ಇಟ್ಟುಕೊಂಡು ತಯಾರಾಗಿ. ಮಲೆನಾಡಿನ ಗಾಡಿಯಲ್ಲಿ ಉಪ್ಪಿಲ್ಲ, ಆದರೆ ಬ್ರಾಕೆಟ್ ಮೇಲೆ ಕೆಸರು ಗಟ್ಟಿಯಾಗಿ ಕೂತು ಮಳೆಗಾಲ ಪೂರ್ತಿ ಒದ್ದೆಯಾಗಿಯೇ ಇರುತ್ತದೆ. ಸ್ಪ್ರೇಗೂ ಮೊದಲು ಅದನ್ನು ಕೆರೆದು, ನೀರು ಹೊಡೆದು, ಒಣಗಿಸಿ.

ಎತ್ತುವ ಮೊದಲು ಬಿಡಿಸಬೇಕಾದವು

ಎರಡು ಕಡೆಯನ್ನೂ ಒಟ್ಟಿಗೆ ಎತ್ತಬೇಕಿಲ್ಲ. ಒಂದು ಕಡೆಯನ್ನು 30–40 ಮಿಲಿಮೀಟರ್ ಎತ್ತಿದರೆ ಬುಷ್ ಹೊರಗೆ ಬರುತ್ತದೆ. ಆದರೂ ಅಷ್ಟು ಎತ್ತಿದಾಗ ಏನೇನು ಎಳೆದುಕೊಳ್ಳುತ್ತದೆ ಅನ್ನುವುದನ್ನು ಕ್ಯಾಬಿನ್ ಸುತ್ತ ಒಂದು ಸುತ್ತು ಬಂದು ನೋಡಬೇಕು. ಚಾಸಿಗೆ ಅಥವಾ ಎಂಜಿನ್‌ಗೆ ಒಂದು ತುದಿ, ಕ್ಯಾಬಿನ್‌ಗೆ ಇನ್ನೊಂದು ತುದಿ ಇರುವ ಎಲ್ಲವೂ ಅನುಮಾನದ ಪಟ್ಟಿಯಲ್ಲಿ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಚಾಸಿಯಿಂದ ಕ್ಯಾಬಿನ್‌ಗೆ ಬರುವ ಅರ್ತ್ ಪಟ್ಟಿ ಬಿಚ್ಚಿ. ಸ್ಟಿಯರಿಂಗ್ ಶಾಫ್ಟ್‌ನ ಕೆಳಗಿನ ಜಾಯಿಂಟ್‌ನಲ್ಲಿ ಬಿಳಿ ಪೇಂಟಿನಿಂದ ಎರಡು ಭಾಗಕ್ಕೂ ಸೇರುವಂತೆ ಗೆರೆ ಎಳೆದು, ಕ್ಲಾಂಪ್ ಬೋಲ್ಟ್ ತೆಗೆದು ಬೇರೆ ಮಾಡಿ. ಗೆರೆ ಮರೆತರೆ ಜೋಡಿಸಿದ ಮೇಲೆ ಸ್ಟಿಯರಿಂಗ್ ಒಂದು ಹಲ್ಲು ಓರೆಯಾಗಿ ನಿಲ್ಲುತ್ತದೆ. ಸ್ಟಿಯರಿಂಗ್ ಚಕ್ರ ತಿರುಗದಂತೆ ಸೀಟಿಗೆ ಕಟ್ಟಿಬಿಡಿ. ಗೇರ್ ಲಿವರ್‌ನ ರಬ್ಬರ್ ಬೂಟನ್ನು ನೆಲದಿಂದ ಬಿಡಿಸಿ. ಹ್ಯಾಂಡ್‌ಬ್ರೇಕ್, ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳ ಕ್ಲಿಪ್ ಕಳಚಿ. ಬ್ರೇಕ್ ಪೈಪ್ ಮಾಸ್ಟರ್ ಸಿಲಿಂಡರ್‌ನಿಂದ ಚಾಸಿಗೆ ಇಳಿಯುವ ಜಾಗ ಗಮನವಿಟ್ಟು ನೋಡಿ. ಅಲ್ಲಿ ಬಗ್ಗುವ ಹೋಸ್ ಇಲ್ಲದೆ ಉಕ್ಕಿನ ಪೈಪೇ ನೇರ ಬಂದಿದ್ದರೆ ಹತ್ತಿರದ ಕ್ಲಿಪ್‌ಗಳನ್ನು ತೆಗೆದು ಸಡಿಲ ಮಾಡಿ. ಒಮ್ಮೆ ಮಡಿಸಿದ ಬ್ರೇಕ್ ಪೈಪನ್ನು ಮತ್ತೆ ನೆಟ್ಟಗೆ ಮಾಡಿ ಬಳಸಬಾರದು.

ರೇಡಿಯೇಟರ್ ಕ್ಯಾಬಿನ್ ಮುಂಭಾಗದ ಪಟ್ಟಿಗೆ ಕೂತಿದ್ದರೆ ಅದೂ ಜೊತೆಗೇ ಮೇಲೇಳುತ್ತದೆ, ಫ್ಯಾನ್ ಮಾತ್ರ ಎಂಜಿನ್ ಜೊತೆ ಕೆಳಗೇ ಉಳಿಯುತ್ತದೆ. ಫ್ಯಾನ್ ಕವಚ ಬಿಚ್ಚಿ ಹಿಂದಕ್ಕೆ ಸರಿಸದಿದ್ದರೆ ರೆಕ್ಕೆ ಮುರಿಯುವುದು ಖಂಡಿತ. ಎಸಿ ಇದ್ದರೆ ಅದರ ಹೋಸ್ ಸಡಿಲವಾಗಿದೆಯೇ ನೋಡಿ, ಬಿಚ್ಚಬೇಡಿ. ಮುಂದಿನ ಬಂಪರ್ ಚಾಸಿಯದ್ದು, ಗ್ರಿಲ್ ಕ್ಯಾಬಿನ್‌ದು. ಅವೆರಡರ ನಡುವಿನ ಸ್ಕ್ರೂಗಳೂ ಹೋಗಬೇಕು. ಕೊನೆಯದಾಗಿ, ಕ್ಯಾಬಿನ್ ಮೇಲಿನ ಕ್ಯಾರಿಯರ್‌ನಿಂದ ಲೋಡ್ ಬಾಡಿಗೆ ಕಟ್ಟಿದ ಹಗ್ಗ, ಟಾರ್ಪಾಲ್, ವೆಲ್ಡ್ ಮಾಡಿದ ಸರಳು ಏನೇ ಇದ್ದರೂ ತೆಗೆಯಿರಿ.

ಆ ಹಗ್ಗದ ವಿಷಯ ಬಂದದ್ದಕ್ಕೆ: ಕ್ಯಾಬಿನ್ ಮತ್ತು ಲೋಡ್ ಬಾಡಿ ಎರಡನ್ನೂ ಬೇರೆ ಬೇರೆ ಕೂರಿಸಿರುವುದು ಚಾಸಿ ತಿರುಚಿದಾಗ ಎರಡೂ ತಮ್ಮ ಪಾಡಿಗೆ ಅಲುಗಲಿ ಅಂತ. ಕ್ಯಾರಿಯರ್‌ನಿಂದ ಹಿಂದಿನ ಬಾಡಿಗೆ ಸರಳು ವೆಲ್ಡ್ ಮಾಡಿಸಿದರೆ, ಅಥವಾ ಕ್ಯಾಬಿನ್ ಮೇಲೆ ನಾಲ್ಕು ಮೂಟೆ ಹೇರಿ ಹಗ್ಗವನ್ನು ಹಿಂದಕ್ಕೆ ಬಿಗಿದರೆ, ಪ್ರತಿ ಹಂಪಿನಲ್ಲೂ ಆ ಎಳೆತ ಹಿಂದಿನ ಎರಡು ಬುಷ್ ಮೇಲೆ ಬೀಳುತ್ತದೆ. ಹೊಸ ಬುಷ್ ಹಾಕಿಸಿ ಅದೇ ಸರಳನ್ನು ಮತ್ತೆ ವೆಲ್ಡ್ ಮಾಡಿಸಿದರೆ ದುಡ್ಡು ನೀರಿಗೆ ಹಾಕಿದಂತೆ.

ಬೋಲ್ಟ್ ಬಿಚ್ಚುವುದು

ಗಾಡಿ ಸಮತಟ್ಟು ನೆಲದಲ್ಲಿ ತನ್ನ ನಾಲ್ಕು ಗಾಲಿ ಮೇಲೇ ನಿಂತಿರಲಿ. ಗೇರಿನಲ್ಲಿ ಇರಲಿ, ಗಾಲಿಗೆ ಹಿಂದೆ ಮುಂದೆ ಅಡ್ಡೆ ಕೊಡಿ. ಕೆಳಗೆ ಜಾಗ ಸಾಲದಿದ್ದರೆ ಚಾಸಿಗೆ ನಾಲ್ಕು ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವುದೇ ಬೇಡ.

ಮೊದಲ ತಿರುವು ಬಿಚ್ಚುವ ಕಡೆಗಲ್ಲ, ಬಿಗಿಸುವ ಕಡೆಗೆ. ತುಸು ಬಿಗಿಸಿದರೆ ತುಕ್ಕಿನ ಪದರ ಒಡೆಯುತ್ತದೆ, ಟಕ್ ಅನ್ನುವ ಸದ್ದೂ ಕೇಳುತ್ತದೆ. ಆಮೇಲೆ ಬಿಚ್ಚಿ: ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ಸ್ಪ್ರೇ, ಮತ್ತೆ ಅರ್ಧ ಸುತ್ತು. ಬೋಲ್ಟ್ ಕಿರುಗುಟ್ಟುತ್ತಾ ಒಂದೇ ಸಮನೆ ಬಿಗಿಯಾಗಿ ಬರುತ್ತಿದ್ದರೆ ಅದು ಬರುತ್ತದೆ. ಸ್ಪ್ಯಾನರ್ ಕೈಗೆ ರಬ್ಬರಿನಂತೆ ಬಾಗುವ ಅನುಭವವಾದರೆ ಬೋಲ್ಟ್ ತಿರುಚುತ್ತಿದೆ, ಇನ್ನೊಂದು ದಮ್ಮಿಗೆ ಮುರಿಯುತ್ತದೆ. ಅಲ್ಲಿಗೆ ನಿಲ್ಲಿಸಿ, ಬಿಸಿ ಕೊಡುವುದನ್ನು ಯೋಚಿಸಿ. ಬಿಸಿ ಬೇಕಾಗಿರುವುದು ನಟ್‌ಗೆ. ಅದರ ಮೇಲೆ ಮ್ಯಾಟ್, ಸ್ಪಂಜು, ವೈರ್ ಇರುತ್ತವೆ, ಪಕ್ಕದಲ್ಲಿ ಡೀಸೆಲ್ ಪೈಪು. ಒಳಗೆಲ್ಲ ತೆಗೆದು, ಸ್ಪ್ರೇ ಎಣ್ಣೆ ಒರೆಸಿ, ನೀರಿನ ಬಕೆಟ್ ಮತ್ತು ಬೆಂಕಿ ನಂದಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡೇ ಗ್ಯಾಸ್ ಹಚ್ಚಬೇಕು.

ಇನ್ನು ಮೂರು ಥರದ ತೊಂದರೆ ಬರುತ್ತವೆ.

ನಟ್ ಪೆಟ್ಟಿಗೆಯೊಳಗೇ ತಿರುಗುವುದು ಎಲ್ಲಕ್ಕಿಂತ ಸಾಮಾನ್ಯ. ವೆಲ್ಡ್ ಬಿಟ್ಟಿದೆ, ಬೋಲ್ಟ್ ಎಷ್ಟು ತಿರುಗಿಸಿದರೂ ಇಳಿಯುವುದಿಲ್ಲ. ಬಲವಂತ ಮಾಡಿದರೆ ಪೆಟ್ಟಿಗೆಯೇ ಹರಿಯುತ್ತದೆ. ಒಬ್ಬರು ಕೆಳಗಿನಿಂದ ಬೋಲ್ಟ್ ತಲೆಗೆ ಮೆಲ್ಲಗೆ ಬಡಿಯಲಿ, ಇನ್ನೊಬ್ಬರು ಒಳಗೆ ನೆಲದ ಮೇಲೆ ಬೆರಳಿಟ್ಟು ಜಾಗ ಗುರುತಿಸಲಿ. ಅಲ್ಲಿ 50 ಮಿಲಿಮೀಟರ್ ಹೋಲ್ ಸಾದಿಂದ (ಡ್ರಿಲ್ಲಿಗೆ ಹಾಕುವ ಗುಂಡನೆಯ ಗರಗಸ) ಮೇಲಿನ ತಗಡನ್ನು ಮಾತ್ರ ಕತ್ತರಿಸಿದರೆ ನಟ್ ಕಾಣುತ್ತದೆ. ಸ್ಪ್ಯಾನರ್ ಇಳಿಸಿ ಹಿಡಿದುಕೊಂಡರೆ ಕೆಳಗಿನವರು ಬಿಚ್ಚಬಹುದು. ಕೆಲಸ ಮುಗಿದ ಮೇಲೆ ಆ ತೂತಿನ ಅಂಚಿಗೆ ಪೇಂಟ್ ಬಳಿದು ರಬ್ಬರ್ ಮುಚ್ಚಳ ಒತ್ತಿ. ಮುಂದಿನ ಸಲಕ್ಕೆ ಅದೇ ಸ್ಪ್ರೇ ಹೊಡೆಯುವ ಬಾಗಿಲು.

ಎರಡನೆಯದು, ಮರೆ ಬಿಟ್ಟಿದೆ ಆದರೂ ಬೋಲ್ಟ್ ಕೆಳಗೆ ಬರುವುದಿಲ್ಲ. ಸ್ಲೀವ್ ಬೋಲ್ಟಿಗೆ ತುಕ್ಕಿನಿಂದ ಅಂಟಿದೆ. ಹೇಗಿದ್ದರೂ ಎರಡೂ ಹೊಸದು ಹಾಕುತ್ತೀರಿ. ಕ್ಯಾಬಿನ್ ಜೊತೆಗೆ ಸ್ವಲ್ಪ ಎತ್ತಿ, ಬುಷ್ ಸೀಳಿ ತೆಗೆದು, ಸ್ಲೀವನ್ನು ಬೋಲ್ಟ್ ಸಮೇತ ಗ್ರೈಂಡರ್‌ನಿಂದ ಕತ್ತರಿಸಿ.

ಮೂರನೆಯದು, ತಲೆ ಮುರಿದು ಬರುವುದು. ಕೇಳಲು ಕೆಟ್ಟದು, ಅಷ್ಟು ಕೆಟ್ಟದ್ದೇನಲ್ಲ. ತಲೆ ಹೋದ ಮೇಲೆ ಕ್ಯಾಬಿನ್ ಎತ್ತಿದರೆ ಬೋಲ್ಟಿನ ಮಿಕ್ಕ ಕಡ್ಡಿ ಕ್ಯಾಬಿನ್ ಜೊತೆಗೇ ಮೇಲೆ ಬರುತ್ತದೆ. ಆಮೇಲೆ ನಟ್ ಹತ್ತಿರ ಹಿಡಿಯಲು ಸಾಕಷ್ಟು ಕಡ್ಡಿ ಸಿಗುತ್ತದೆ, ಬಿಸಿ ಮಾಡಿ ಪೈಪ್ ಸ್ಪ್ಯಾನರ್‌ನಿಂದ ತಿರುಗಿಸಬಹುದು. ಅಥವಾ ಕಡ್ಡಿಯ ತುದಿಗೆ ಒಂದು ನಟ್ ವೆಲ್ಡ್ ಮಾಡಿ ತಿರುಗಿಸಿ. ವೆಲ್ಡಿಂಗ್ ಬಿಸಿಯೇ ಅರ್ಧ ಕೆಲಸ ಮಾಡಿಬಿಡುತ್ತದೆ.

ಕ್ಯಾಬಿನ್ ಎತ್ತುವುದು

ಎರಡೂ ಕಡೆಯ ಎಲ್ಲ ಬೋಲ್ಟ್‌ಗಳು ಬಿಡುತ್ತವೆ ಅನ್ನುವುದು ಖಾತ್ರಿಯಾದ ಮೇಲೆಯೇ ಎತ್ತಲು ಕೈ ಹಾಕಿ. ಒಂದು ಕಡೆಯವನ್ನು ಪೂರ್ತಿ ತೆಗೆಯಿರಿ. ಇನ್ನೊಂದು ಕಡೆಯವನ್ನು 10–12 ಮಿಲಿಮೀಟರ್ ಸಡಿಲ ಮಾಡಿ ಹಾಗೇ ಬಿಡಿ. ಅವು ಕೀಲಿನಂತೆ ನಿಂತು ಕ್ಯಾಬಿನ್ ಜಾರದಂತೆ ನೋಡಿಕೊಳ್ಳುತ್ತವೆ. ಎರಡೂ ಕಡೆ ಒಟ್ಟಿಗೆ ತೆಗೆದರೆ ಕ್ಯಾಬಿನ್ ಅರ್ಧ ಇಂಚು ಪಕ್ಕಕ್ಕೆ ಸರಿದಿರುತ್ತದೆ. ಅದನ್ನು ಮತ್ತೆ ತೂತಿಗೆ ತೂತು ಕೂಡಿಸುವುದು ಇಬ್ಬರು ಬೆವರು ಸುರಿಸುವ ಕೆಲಸ.

ಜಾಕಿ ಕೊಡಬೇಕಾದದ್ದು ಬಾಗಿಲ ಕೆಳಗಿನ ಮಡಿಕೆಗಲ್ಲ, ಬರೀ ನೆಲದ ತಗಡಿಗೂ ಅಲ್ಲ. ನೆಲದ ಅಡಿಯ ಅಡ್ಡಪಟ್ಟಿಗೆ, ಮೌಂಟಿನ ಹತ್ತಿರ, ನಡುವೆ ಉದ್ದ ಮರದ ತುಂಡು ಇಟ್ಟು ಭಾರ ಹಂಚುವಂತೆ. ಮುಂದೊಂದು ಜಾಕಿ, ಹಿಂದೊಂದು ಜಾಕಿ, ಎರಡನ್ನೂ ಹತ್ತು ಮಿಲಿಮೀಟರ್‌ನಂತೆ ಸರದಿಯಲ್ಲಿ ಏರಿಸಿ. ಹಿಂದಿನದನ್ನೇ ಒಂದೇ ಉಸಿರಿಗೆ ಎತ್ತಿದರೆ ಕ್ಯಾಬಿನ್ ಮೂಲೆಯಿಂದ ಮೂಲೆಗೆ ತಿರುಚಿ ಮುಂದಿನ ಗಾಜು ಹೋಗುತ್ತದೆ. ಪ್ರತಿ ಸಲ ನಿಲ್ಲಿಸಿ ಸ್ಟಿಯರಿಂಗ್ ಜಾಯಿಂಟ್, ಹೋಸ್, ವೈರ್ ನೋಡಿ. ಏನಾದರೂ ತಂತಿಯಂತೆ ಬಿಗಿದಿದ್ದರೆ ಮುಂದೆ ಹೋಗಬೇಡಿ.

ಸಂದು ತೆರೆದ ಕೂಡಲೇ ಗಟ್ಟಿ ಮರದ ತುಂಡನ್ನು ಚಾಸಿಗೂ ಕ್ಯಾಬಿನ್‌ಗೂ ನಡುವೆ ಇಡಿ. ಬೆರಳು ಹಾಕುವುದು ಅದಾದ ಮೇಲೆ. ಹಳೆ ಬುಷ್ ತೆಗೆಯುವಾಗ ಜಾಗದ ಹೆಸರು ಬರೆದಿಡಿ: ಮುಂದೆ ಎಡ, ಹಿಂದೆ ಬಲ, ಹೀಗೆ. ಕೆಲವು ಕಡೆ ಬುಷ್ ಕೆಳಗೆ ತೆಳು ತಗಡಿನ ಶಿಮ್ ಇರುತ್ತದೆ. ಅದು ಕಸವಲ್ಲ, ಕಾರ್ಖಾನೆಯಲ್ಲಿ ಆ ಮೂಲೆಯ ಎತ್ತರ ಸರಿ ಮಾಡಲು ಹಾಕಿದ್ದು. ಎಲ್ಲಿ ಎಷ್ಟು ಸಿಕ್ಕಿತೋ ಅಲ್ಲಿಗೇ ಅಷ್ಟೇ ಮತ್ತೆ ಹೋಗಬೇಕು.

ಬ್ರಾಕೆಟ್ ಮತ್ತು ನೆಲ

ಈಗ ಬ್ರಾಕೆಟ್ ಬರಿದಾಗಿ ಕಾಣುತ್ತದೆ. ತಂತಿ ಬ್ರಷ್ ಹೊಡೆದು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಬನ್ನಿ. ಠಣ್ ಅಂದರೆ ಲೋಹವಿದೆ. ಮಂದ ಸದ್ದು ಬಂದು ಪದರ ಉದುರಿದರೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತೂತು ಮೊಟ್ಟೆಯಾಕಾರಕ್ಕೆ ಅಗಲವಾಗಿದ್ದರೆ ಹೊಸ ಬುಷ್ ಅದರಲ್ಲಿ ನಿಲ್ಲುವುದಿಲ್ಲ. ಸರಿಯಾದ ಅಳತೆಯ ತೂತಿರುವ 4–5 ಮಿಲಿಮೀಟರ್ ದಪ್ಪದ ಉಕ್ಕಿನ ಬಿಲ್ಲೆ ಕಟ್ ಮಾಡಿಸಿ ಬ್ರಾಕೆಟ್‌ನ ಕೆಳಮೈಗೆ ಸುತ್ತ ವೆಲ್ಡ್ ಮಾಡಿಸಿ. ಮೇಲ್ಮೈಗೆ ಹಾಕಿದರೆ ಆ ಮೂಲೆ ಅಷ್ಟೇ ಎತ್ತರವಾಗುತ್ತದೆ. ಕೆಳಗೆ ಬಿಲ್ಲೆ ಹಾಕಿದಷ್ಟೂ ಸ್ಲೀವ್ ಕೂಡ ಉದ್ದವಾಗಬೇಕು ಅನ್ನುವುದನ್ನು ವೆಲ್ಡರ್ ಹೇಳುವುದಿಲ್ಲ, ನೀವೇ ನೆನಪಿಡಬೇಕು.

ಬ್ರಾಕೆಟ್ ಚಾಸಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಯ ಬಿರುಕು ಇದ್ದರೆ ಅದರ ಕೊನೆಯಲ್ಲಿ 3 ಮಿಲಿಮೀಟರ್ ತೂತು ಕೊರೆಯಿರಿ. ಬಿರುಕು ಮುಂದೆ ಓಡುವುದು ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಬಿರುಕಿನ ಉದ್ದಕ್ಕೂ ಕಾಲುವೆಯಂತೆ ಗ್ರೈಂಡ್ ಮಾಡಿ ವೆಲ್ಡ್ ತುಂಬಿಸಬೇಕು. ಮೇಲೆ ಬರೀ ಒಂದು ಗೆರೆ ವೆಲ್ಡ್ ಎಳೆದರೆ ಅದರ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಕ್ಯಾಬಿನ್ ನೆಲದ ತಗಡು ಕೊಳೆತಿದ್ದರೆ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿಯೇ ಪ್ಯಾಚ್ ಹಾಕಬೇಕು. ತುಕ್ಕಿನ ಮೇಲೆ ಹೊಸ ತಗಡು ಮುಚ್ಚಿ ಡಾಂಬರು ಬಳಿಯುವ ಟಿಂಕರಿಂಗ್ ಎರಡು ಮಳೆಗಾಲಕ್ಕೆ ಬಯಲಾಗುತ್ತದೆ. ವೆಲ್ಡಿಂಗ್ ಎಲ್ಲ ಹೊಸ ಬುಷ್ ಹಾಕುವ ಮೊದಲೇ ಮುಗಿಯಬೇಕು, ಬ್ಯಾಟರಿ ಪೂರ್ತಿ ಬಿಚ್ಚಿರಬೇಕು, ವೆಲ್ಡಿಂಗ್ ಅರ್ತ್ ಕ್ಲಾಂಪ್ ಕೆಲಸದ ಜಾಗದ ಪಕ್ಕದಲ್ಲೇ ಇರಬೇಕು. ಆಮೇಲೆ ಜಿಂಕ್ ಪ್ರೈಮರ್, ಅದರ ಮೇಲೆ ಚಾಸಿ ಪೇಂಟ್. ಒಣಗಲು ಒಂದು ರಾತ್ರಿ ಬಿಡಿ.

ಹೊಸ ಬುಷ್ ಕೂರಿಸುವುದು

ಹಾಕುವ ಮೊದಲು ಹೊಸ ಸ್ಲೀವನ್ನು ಹಳೆಯದರ ಪಕ್ಕ ನಿಲ್ಲಿಸಿ ಉದ್ದ ನೋಡಿ. ಹಳೆಯದು ತುದಿಯಲ್ಲಿ ಸವೆದಿರುವುದರಿಂದ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸರಿ, ಹತ್ತು ಮಿಲಿಮೀಟರ್ ವ್ಯತ್ಯಾಸ ಬಂದರೆ ಬೇರೆ ಗಾಡಿಯ ಬುಷ್ ಕೊಟ್ಟಿದ್ದಾರೆ.

ಬುಷ್ ತೂತಿಗೆ ಬಿಗಿಯಾಗಿ ಹೋಗುತ್ತಿದ್ದರೆ ಸೋಪಿನ ನೀರು ಹಚ್ಚಿ. ಗ್ರೀಸ್, ಎಂಜಿನ್ ಆಯಿಲ್, ಡೀಸೆಲ್ ಯಾವುದೂ ಬೇಡ. ರಬ್ಬರ್ ಅವನ್ನು ಕುಡಿದು ಊದಿಕೊಂಡು ಮೆತ್ತಗಾಗುತ್ತದೆ. ಬುಷ್‌ನ ಮೆಟ್ಟಿಲಿನಂಥ ಕಿರಿದಾದ ಭಾಗ ಬ್ರಾಕೆಟ್ ತೂತಿನೊಳಗೆ ಇಳಿಯಬೇಕು. ತಲೆಕೆಳಗಾಗಿ ಕೂರಿಸಿದರೂ ಬೋಲ್ಟ್ ಹೋಗುತ್ತದೆ, ಆದರೆ ಸ್ಲೀವ್ ನಡುವಿಗೆ ನಿಲ್ಲುವುದಿಲ್ಲ.

ಮರದ ತುಂಡು ತೆಗೆದು, ಜಾಕಿಗಳನ್ನು ಸರದಿಯಲ್ಲಿ ಇಳಿಸುತ್ತಾ, ಕ್ಯಾಬಿನ್ ಬುಷ್ ಮೇಲೆ ಬರೀ ತಾಗಿದಾಗ ನಿಲ್ಲಿಸಿ. ಎಲ್ಲ ಬೋಲ್ಟ್‌ಗಳನ್ನೂ ಕೈಬೆರಳಿನಿಂದಲೇ ನಾಲ್ಕೈದು ಮರೆ ಹಿಡಿಸಿ. ಒಂದು ಸೇರದಿದ್ದರೆ ಚೂಪು ಸರಳನ್ನು ಪಕ್ಕದ ಮೌಂಟಿನ ತೂತಿಗೆ ತೂರಿಸಿ ಕ್ಯಾಬಿನ್ ಮೆಲ್ಲಗೆ ಸರಿಸಿ. ಸ್ಪ್ಯಾನರ್ ಹಾಕಿ ಎಳೆದು ಕೂರಿಸಿದರೆ ಒಳಗಿನ ನಟ್‌ನ ಮರೆ ಹೋಗುತ್ತದೆ, ಆಗ ಮತ್ತೆ ಹೋಲ್ ಸಾ ತೆಗೆಯಬೇಕಾಗುತ್ತದೆ. ಮರೆಗೆ ಸ್ವಲ್ಪ ಕಾಪರ್ ಪೇಸ್ಟ್ ಹಚ್ಚಿದರೆ ಮುಂದಿನ ಸಲ ಬಿಚ್ಚುವವರಿಗೆ ಉಪಕಾರ.

ಒಂದು ಕಡೆ ಹೀಗೆ ಸಡಿಲವಾಗಿ ಕೂರಿಸಿ, ಇನ್ನೊಂದು ಕಡೆ ಇದೇ ಕೆಲಸ ಮಾಡಿ. ಎರಡೂ ಮುಗಿದ ಮೇಲೆ ಜಾಕಿ ಪೂರ್ತಿ ತೆಗೆದು, ಬಾಗಿಲು ಹಿಡಿದು ಕ್ಯಾಬಿನ್ ಎರಡು ಸಲ ಅಲುಗಿಸಿ. ಹಿಂಗೋಡೆಯ ಅಂತರ ಎಡ ಬಲ ಸಮ ಬಂದಿದೆಯೇ ಟೇಪ್ ಹಿಡಿಯಿರಿ, ಬಾರದಿದ್ದರೆ ಈಗಲೇ ಸರಿಸಿ. ಆಮೇಲೆ ಹಿಂದಿನ ಮೂಲೆಯಿಂದ ಶುರು ಮಾಡಿ ಕರ್ಣಕ್ಕೆ ಕರ್ಣವಾಗಿ ಎರಡು ಸುತ್ತಿನಲ್ಲಿ ಬಿಗಿಸಿ, ಮೊದಲ ಸುತ್ತು ಅರ್ಧ ಬಿಗಿ, ಎರಡನೆಯದು ಪೂರ್ತಿ. ಗಾಡಿಯ ಸರ್ವಿಸ್ ಪುಸ್ತಕದ ಟಾರ್ಕ್ ಸಿಕ್ಕರೆ ಅದೇ ಕೊನೆಯ ಮಾತು. ಸಿಗದಿದ್ದರೆ 8.8 ದರ್ಜೆಯ ಒಣ ಬೋಲ್ಟಿಗೆ 10 ಮಿಲಿಮೀಟರ್‌ಗೆ 45 ನ್ಯೂಟನ್ ಮೀಟರ್, 12 ಮಿಲಿಮೀಟರ್‌ಗೆ 80 ನ್ಯೂಟನ್ ಮೀಟರ್ ಆಸುಪಾಸು. ಪೇಸ್ಟ್ ಹಚ್ಚಿದ್ದರೆ ಸುಮಾರು ಐದನೇ ಒಂದು ಭಾಗ ಕಡಿಮೆ ಮಾಡಿ. ವಾಷರ್ ಸ್ಲೀವ್‌ಗೆ ತಾಗಿದ ಕ್ಷಣ ಸ್ಪ್ಯಾನರ್ ಕೈಯಲ್ಲಿ ಗಕ್ಕನೆ ಗಡುಸಾಗುತ್ತದೆ. ಅದು ಬಾರದೆ ರಬ್ಬರ್ ಪಕ್ಕಕ್ಕೆ ಉಬ್ಬುತ್ತಲೇ ಇದ್ದರೆ ಸ್ಲೀವ್ ಗಿಡ್ಡವಿದೆ ಅಥವಾ ಬುಷ್ ತಲೆಕೆಳಗಾಗಿದೆ. ಬಿಗಿಸುವುದು ಬಿಟ್ಟು ಬಿಚ್ಚಿ ನೋಡಿ.

ಗಾಡಿ ರಸ್ತೆಗಿಳಿಯುವ ಮೊದಲು

ಸ್ಟಿಯರಿಂಗ್ ಜಾಯಿಂಟನ್ನು ಪೇಂಟ್ ಗೆರೆಗೆ ಗೆರೆ ಸೇರಿಸಿ ಬೋಲ್ಟ್ ಬಿಗಿಸಿ. ಇಡೀ ಕೆಲಸದಲ್ಲಿ ಮರೆತರೆ ಜೀವಕ್ಕೇ ಕುತ್ತು ತರುವ ಬೋಲ್ಟ್ ಇದೊಂದೇ. ಎರಡು ಸಲ ನೋಡಿ, ಸಾಧ್ಯವಾದರೆ ಇನ್ನೊಬ್ಬರಿಂದಲೂ ನೋಡಿಸಿ. ಎಡದಿಂದ ಬಲಕ್ಕೆ ಕೊನೆಯವರೆಗೂ ತಿರುಗಿಸಿ, ಎಲ್ಲೂ ತಾಗಬಾರದು. ಎಲ್ಲ ಗೇರೂ ಹಾಕಿ ನೋಡಿ. ಕ್ಲಚ್ ಆಟ, ಹ್ಯಾಂಡ್‌ಬ್ರೇಕ್, ಬ್ರೇಕ್ ಪೈಪಿನ ಕ್ಲಿಪ್, ಅರ್ತ್ ಪಟ್ಟಿ. ಅರ್ತ್ ಪಟ್ಟಿ ಮರೆತರೆ ಲೈಟು ಮಂಕಾಗುತ್ತದೆ, ಮೀಟರ್ ಹುಚ್ಚುಹುಚ್ಚಾಗಿ ಆಡುತ್ತದೆ, ಎಲೆಕ್ಟ್ರಿಷಿಯನ್ ಹತ್ತಿರ ಸುಮ್ಮನೆ ಅರ್ಧ ದಿನ ಹೋಗುತ್ತದೆ. ಫ್ಯಾನ್ ಮತ್ತು ಕವಚದ ನಡುವೆ ಸುತ್ತಲೂ 15 ಮಿಲಿಮೀಟರ್ ಆದರೂ ಇರಲಿ.

ಕ್ಯಾಬಿನ್ ಈಗ ಮೊದಲಿಗಿಂತ ಸ್ವಲ್ಪ ಮೇಲೆ ನಿಂತಿರುತ್ತದೆ. ಅದರಿಂದ ಒಂದೆರಡು ಹೊಸ ತಕರಾರು ಹುಟ್ಟಬಹುದು. ಹೊರಗೆ ಕಟ್ಟಿಸಿದ ಮರದ ಅಥವಾ ತಗಡಿನ ಲೋಡ್ ಬಾಡಿಯ ಮುಂದಿನ ಅಂಚನ್ನು ಕುಸಿದ ಕ್ಯಾಬಿನ್‌ನ ಅಳತೆಗೇ ಕೂರಿಸಿದ್ದರೆ ಈಗ ಹಿಂಗೋಡೆಗೆ ತಾಗುತ್ತದೆ. 25 ಮಿಲಿಮೀಟರ್ ಆದರೂ ಸಂದು ಉಳಿಯುವಂತೆ ಬಾಡಿಯ ಅಂಚನ್ನೇ ಕತ್ತರಿಸಿ, ಬುಷ್ ಕತ್ತರಿಸಬೇಡಿ. ಹೆಡ್‌ಲೈಟ್ ಬೆಳಕು ಎದುರಿನವರ ಕಣ್ಣಿಗೆ ಏರಿರಬಹುದು, ಗೋಡೆಗೆ ಬೆಳಕು ಬಿಟ್ಟು ಸರಿ ಮಾಡಿ. ಬಾಗಿಲ ಲಾಕಿನ ಕೊಂಡಿಯನ್ನು ಇಂದೇ ಮುಟ್ಟಬೇಡಿ. ಬುಷ್ ಕೂತ ಮೇಲೆ ಬಾಗಿಲು ತಾನೇ ಸರಿಹೋಗುವುದೂ ಉಂಟು, ಹಳೇ ತಿರುಚಿಗೆ ಹೊಂದಿಸಿದ್ದ ಕೊಂಡಿ ಈಗ ತಪ್ಪು ಜಾಗದಲ್ಲಿರುವುದೂ ಉಂಟು.

ಖಾಲಿ ಗಾಡಿಯಲ್ಲಿ ಹತ್ತು ಕಿಲೋಮೀಟರ್ ಹೋಗಿ ಬಂದು ಎಲ್ಲ ಬೋಲ್ಟಿಗೂ ಟಾರ್ಕ್ ವ್ರೆಂಚ್ ಹಾಕಿ. ಸರಿ ಇದ್ದರೆ ಬೋಲ್ಟ್ ತಲೆಯಿಂದ ವಾಷರ್‌ಗೆ ಹಳದಿ ಪೇಂಟಿನ ಒಂದು ಗೆರೆ ಎಳೆಯಿರಿ. 500 ಕಿಲೋಮೀಟರ್ ಆದ ಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದರೆ ಸಾಕು: ಗೆರೆ ನೆಟ್ಟಗಿದ್ದರೆ ಮುಟ್ಟುವ ಅಗತ್ಯವಿಲ್ಲ. ಎಲ್ಲಿ ಮುರಿದಿದೆಯೋ ಆ ಮೌಂಟಿನ ಸ್ಲೀವ್ ಮತ್ತು ಬ್ರಾಕೆಟ್ ತೂತನ್ನು ಇನ್ನೊಮ್ಮೆ ತೆಗೆದು ನೋಡಬೇಕು, ಬರೀ ಬಿಗಿಸಿ ಬಿಟ್ಟರೆ ಆಗುವುದಿಲ್ಲ. ಬಾಗಿಲ ಕೊಂಡಿ ಹೊಂದಿಸುವುದಿದ್ದರೆ ಅದನ್ನೂ ಆ ದಿನವೇ ಇಟ್ಟುಕೊಳ್ಳಿ.